ಮನೆಯಲ್ಲಿ ಸ್ಕ್ರೀನ್ ಯಾವುದು ಎಂದು ಕೇಳುತ್ತಿದ್ದವರು

ಕಂಪ್ಯೂಟರ್ ಬಿಚ್ಚುವ ಮೊದಲು ಅವರು ಹಣೆಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ಬೆಳಿಗ್ಗೆ ಧರಿಸಿದ ಅಗಲವಾದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಒಣಗಿ ಉದುರಲು ಶುರುವಾಗುತ್ತಿತ್ತು. ಅದರ ಒಂದು ಕಣವೂ ಯಂತ್ರದ ಒಳಗೆ ಬೀಳಬಾರದು. ಹಾಗೆಂದು ವಿಭೂತಿ ಒರೆಸಿಕೊಳ್ಳುವವರೂ ಅಲ್ಲ. ನೀಲಿ ಅಂಚಿನ ಕರವಸ್ತ್ರವನ್ನು ಉದ್ದಕ್ಕೆ ಮಡಚಿ, ಹಣೆಗೆ ಬಿಗಿದು, ತಲೆಯ ಹಿಂದೆ ಗಂಟು ಹಾಕಿದ ಮೇಲೆಯೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಿದ್ದರು. ಮೊದಲ ಸಲ ನೋಡಿದಾಗ ಪಾಪ ತಲೆನೋವಿರಬೇಕು ಎಂದುಕೊಂಡು, ಶುಂಠಿ ಕಷಾಯ ಮಾಡಿಸಲೇ ಎಂದು ನಿಮ್ಮ ಅಜ್ಜನ ಕಿವಿಯಲ್ಲಿ ಕೇಳಿದ್ದೆ. ಅಜ್ಜ ಅದನ್ನು ಅವರಿಗೆ ಹೇಳಿಬಿಟ್ಟರು. ಅವರು ನಕ್ಕ ನಗುವಿಗೆ ನಾನು ಅಡುಗೆಮನೆಯ ಬಾಗಿಲ ಹಿಂದೆ ಸೇರಿದವಳು, ಅವರು ಹೋಗುವವರೆಗೆ ಹೊರಗೆ ಬರಲಿಲ್ಲ.

ಆಗ ಡೊಂಬಿವಲಿ ಪಕ್ಕದ ಕಲ್ಯಾಣದಲ್ಲಿ ನಿಮ್ಮ ಅಜ್ಜನ ಪಾಲಿನ ಹೋಟೆಲು ಇತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ಬಿಲ್ಲಿನ ಕಂಪ್ಯೂಟರ್ ಮೇಲಿಂದ ಮೇಲೆ ನಿಂತುಹೋಗುತ್ತಿತ್ತು. ಅಜ್ಜ ಹೊಸದೇ ತರಿಸೋಣ ಎಂದು ನಿರ್ಧಾರ ಮಾಡಿ ಅವರನ್ನು ಕರೆಸಿದ್ದರು. ಹೊಸದು ಮಾರಲು ಬಂದ ಮನುಷ್ಯ ಹಳೆಯದನ್ನು ಬಿಚ್ಚಿ, ಒಳಗಿನ ಫ್ಯಾನಿನಿಂದ ಬಿಳಿ ಪುಡಿ ಕೆರೆದು ತೆಗೆದು, "ಇದಕ್ಕೇನೂ ಆಗಿಲ್ರಿ ಮಾಲಕರ. ದ್ವಾಸಿ ಹಿಟ್ಟು ತಿಂದೈತಿ, ಅಷ್ಟ. ಹೊಸಾದು ಬ್ಯಾಡ," ಎಂದರು. ಆ ಕಂಪ್ಯೂಟರ್ ಅಜ್ಜ ಹೋಟೆಲು ಬಿಡುವವರೆಗೂ ನಡೆಯಿತು.

ಅವರು ಬಿಜಾಪುರದ ಕಡೆಯವರು. ಮನೆ ಟಿಟ್ವಾಳಾದಲ್ಲಿ, ಅಂಗಡಿ ನಮ್ಮ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಇಬ್ಬರು ಗಿರಾಕಿ ನಿಂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕು. ಕೂರಲು ಒಂದೇ ಒಂದು ಸ್ಟೂಲು. ವಯಸ್ಸಾದವರು ಬಂದರೆ ಅದನ್ನು ಅಂಗಿಯ ತೋಳಿನಿಂದ ಒರೆಸಿ ಕೊಡುತ್ತಿದ್ದರು. ನನ್ನನ್ನು 'ಅವ್ವಾರ' ಎನ್ನುತ್ತಿದ್ದರು. ನಮ್ಮ ಉಡುಪಿ ಕಡೆ ಯಾರೂ ಹಾಗೆ ಕರೆಯುವುದಿಲ್ಲ, ಮೊದಮೊದಲು ಕೇಳಲು ಒರಟಾಗಿತ್ತು. ಅಜ್ಜ ತೀರಿಕೊಂಡ ಮೇಲೆ ಆ ಶಬ್ದ ಕಿವಿಗೆ ಬಿದ್ದರೆ ಸ್ವಲ್ಪ ಧೈರ್ಯ ಬರುತ್ತಿತ್ತು. ಲಾಕ್‌ಡೌನಿನ ಹೊತ್ತಿಗೆ ನಿಮ್ಮ ಶಾಲೆ ಮನೆಯೊಳಗೆ ಬಂದಾಗ ನಿಮಗೆ ಕಂಪ್ಯೂಟರ್ ಜೋಡಿಸಿ ಕೊಟ್ಟವರು ಅವರೇ.

ಕಾಲೇಜಿನ ಹುಡುಗರು ಅವರಿಗೆ 'ನಕೋ ಅಂಕಲ್' ಎಂದು ಹೆಸರಿಟ್ಟಿದ್ದರು, 'ಬೇಡ ಅಂಕಲ್' ಎಂದ ಹಾಗೆ. ಯಾರು ಯಾವ ಸಾಮಾನು ಕೇಳಿಕೊಂಡು ಬಂದರೂ ಅವರ ಬಾಯಲ್ಲಿ ಮೊದಲು ಬೆಲೆ ಬರುತ್ತಿರಲಿಲ್ಲ, ಪ್ರಶ್ನೆ ಬರುತ್ತಿತ್ತು. ಕಂಪ್ಯೂಟರ್ ಆಟದ ಕಾರ್ಡ್ ಕೇಳಿದರೆ, ಮನೆಯಲ್ಲಿ ಸ್ಕ್ರೀನ್ ಯಾವುದು? ಆಮೇಲೆ, ಯಾವ ಆಟ ಆಡುತ್ತೀರಿ? ಕೇಳಿ ಕೇಳಿ ಕೊನೆಗೆ ಹತ್ತರಲ್ಲಿ ಆರು ಮಂದಿಗೆ ಬೇಡ ಎನ್ನುತ್ತಿದ್ದರು. ಹುಡುಗರು ರಸ್ತೆಯಿಂದಲೇ, "ನಕೋ ಅಂಕಲ್, ಇವತ್ತು ಏನು ನಕೋ?" ಎಂದು ಕೂಗಿ ಹೋಗುತ್ತಿದ್ದರು. ಅವರು ತಲೆ ಎತ್ತದೆ, "ನೀನ ನಕೋ," ಎನ್ನುತ್ತಿದ್ದರು.

ಮಕ್ಕಳೇ, ಈ ಕಾರ್ಡಿನ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನನಗೆ ತಿಳಿದದ್ದು ಇಷ್ಟು. ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವುದಕ್ಕೇ ಬೇರೆ ಒಂದು ಭಾಗ ಇರುತ್ತದೆ, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ. ಹೊಸ ಆಟಗಳಿಗೆ ಅದು ಬಲವಾದದ್ದೇ ಬೇಕು. ಅದರಲ್ಲಿಯೂ ಹೊಸದಾಗಿ ಬಂದ ಮೇಲಿನ ದರ್ಜೆಯದ್ದಕ್ಕೆ ಲಕ್ಷದ ಮೇಲೆ ಬೆಲೆ. ಮೊದಲ ಸಲ ಆ ಬೆಲೆ ಕೇಳಿದಾಗ ನಾನು ಇಡೀ ಕಂಪ್ಯೂಟರಿನ ಬೆಲೆ ಹೇಳುತ್ತಿದ್ದೀಯಾ ಎಂದು ಕೇಳಿದೆ. ನೀನು ನಕ್ಕೆ. ನೀನು ಎಂದರೆ ಚಿಕ್ಕವನು. ಅಕ್ಕನಿಗೆ ಆಟದ ಹುಚ್ಚು ಎಂದೂ ಇರಲಿಲ್ಲ.

ನೀನು ಹನ್ನೆರಡನೆಯದರಲ್ಲಿ ಚೆನ್ನಾಗಿ ಪಾಸಾದೆ. ಏನು ಬೇಕು ಎಂದು ಕೇಳಿದ್ದು ನಾನೇ. ನೀನು ಆ ಕಾರ್ಡ್ ಎಂದೆ. ಅಜ್ಜ ನನ್ನ ಹೆಸರಲ್ಲಿ ಇಟ್ಟದ್ದು ಬ್ಯಾಂಕಿನಲ್ಲಿತ್ತು, ಅದಕ್ಕೆ ಬೇರೆ ಖರ್ಚೂ ಇರಲಿಲ್ಲ. ಇಬ್ಬರೂ ಅಂಗಡಿಗೆ ಹೋದೆವು.

ಅವರು ಸ್ಟೂಲು ಒರೆಸಿ ಕೊಟ್ಟು, ಕೇಳಬೇಕಾದ್ದನ್ನೇ ಕೇಳಿದರು. ನೀನು ಸ್ಕ್ರೀನಿನ ಅಳತೆ ಹೇಳಿದೆ. ಅದು ಅವರೇ ಲಾಕ್‌ಡೌನಿನಲ್ಲಿ ಕೊಟ್ಟ ಸಾದಾ ಸ್ಕ್ರೀನು. ಅವರು ನಿನ್ನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಕಾರ್ಡ್ ಚಲೋನ ಐತ್ರಿ ಅವ್ವಾರ, ಇಲ್ಲ ಅನ್ನಂಗಿಲ್ಲ. ಆದ್ರ ಆ ಸ್ಕ್ರೀನಿಗೆ ಇಂಥಾದು ಹಾಕೂದಂದ್ರ ನಿಮ್ಮ ಹೋಟೆಲ್ದಾಗಿನ ಗ್ರೈಂಡರ್ ಮನಿಗೆ ತಂದು ಇಬ್ಬರಿಗೆ ಚಟ್ನಿ ರುಬ್ಬಿದಂಗ ಆಕ್ಕೈತಿ. ಇದರ ಅರ್ಧ ರೊಕ್ಕಕ್ಕ ಒಂದೈತಿ. ನಿಮ್ಮ ಸ್ಕ್ರೀನಿನ ಮ್ಯಾಲ ಎರಡೂ ಒಂದಾ ಕಾಣ್ತಾವ."

ನೀನು ಬಿಡಲಿಲ್ಲ. ಮುಂದೆ ಬರುವ ಆಟಗಳಿಗೆ ಇದು ಬೇಕೇ ಬೇಕಾಗುತ್ತದೆ, ಒಮ್ಮೆ ತೆಗೆದುಕೊಂಡರೆ ಬಹಳ ವರ್ಷ ನೋಡಬೇಕಾಗಿಲ್ಲ, ಸ್ಕ್ರೀನು ಆಮೇಲೆ ತಂದರಾಯಿತು ಎಂದು ಹಿಂದಿಯಲ್ಲಿ ವಾದ ಮಾಡಿದೆ. ಅದರಲ್ಲಿಯೂ ನ್ಯಾಯ ಇದೆ ಎಂದು ನನಗೆ ಕಂಡಿತು. ಅವರು ಸಿಟ್ಟಾಗಲಿಲ್ಲ. ಹಾಗಿದ್ದರೆ ದೀಪಾವಳಿಯವರೆಗೆ ತಡೆಯಿರಿ, ಹೊಸದರ ಬೆಲೆ ಇಳಿಯುತ್ತದೆ, ಆಗ ನೋಡೋಣ ಎಂದರು. ನಾನು ತಲೆಯಾಡಿಸಿದೆ. ನನಗೆ ಯಾರ ಮಾತಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ. ಅವರಿಗೂ ತಲೆಯಾಡಿಸಿದೆ, ದಾರಿಯಲ್ಲಿ ನಿನಗೂ ತಲೆಯಾಡಿಸಿದೆ.

ದೀಪಾವಳಿ ಬಂತು. ಬೆಲೆ ಇಳಿಯುವುದರ ಬದಲು ಏರಿತು. ಎಲ್ಲೋ ಯಂತ್ರಗಳಿಗೆ ಬುದ್ಧಿ ಕಲಿಸುವ ದೊಡ್ಡ ಕಂಪೆನಿಗಳು ಮೆಮೊರಿ ಎಲ್ಲ ಬಾಚಿಕೊಳ್ಳುತ್ತಿವೆಯಂತೆ, ಅದಕ್ಕೆ ಎಲ್ಲ ತುಟ್ಟಿಯಾಯಿತಂತೆ. ಅವರೇ ಫೋನು ಮಾಡಿ, "ನಂದು ತಪ್ಪಾತ್ರಿ. ಹುಡುಗ್ಗ ಹೇಳ್ರಿ," ಎಂದರು. ಆದರೆ ತಪ್ಪಾಯಿತು ಎಂದ ಬಾಯಲ್ಲೇ, ಈಗಂತೂ ದೊಡ್ಡದು ಬೇಡವೇ ಬೇಡ, ಅರ್ಧ ಬೆಲೆಯದು ಕೊಡುತ್ತೇನೆ ಎಂದರು. ನಾನು ಅದನ್ನು ನಿನಗೆ ಹೇಳಿದೆ. ನೀನು, "ಅಜ್ಜಿ, ಉನ್ಕೋ ಕ್ಯಾ ಪತಾ," ಎಂದು ಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಂಡೆ. ಅವರಿಗೇನು ಗೊತ್ತು ಎಂಬ ಮಾತು ನನಗೇ ಹೇಳಿದಂತೆ ನಾಟಿತು.

ನಿನ್ನ ಹತ್ತಿರ ಮಾತಾಡಲು ನನಗೆ ಭಾಷೆ ಸಾಲುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ನೀನು ಹಿಂದಿಯಲ್ಲಿ ಹೇಳುತ್ತಿದ್ದೆ. ಊಟ ಆಯಿತಾ, ಛತ್ರಿ ತೆಗೆದುಕೊಂಡೆಯಾ, ಇಷ್ಟರಲ್ಲಿ ನಮ್ಮ ಮಾತು ಮುಗಿಯುತ್ತಿತ್ತು. ಆ ಕಾರ್ಡಿನ ಪೆಟ್ಟಿಗೆ ಹಿಡಿದುಕೊಂಡು ಹೋದರೆ ನಿನ್ನ ಕೋಣೆಯೊಳಗೆ ನನಗೂ ಜಾಗ ಸಿಗುತ್ತದೆ ಎಂದು ನನಗೆ ಆಸೆಯಾಯಿತು. ಒಂದು ದಿನ ನಾನೇ, ವಾಶಿಯ ಮಾಲಿನಲ್ಲಿ ಸಿಗುತ್ತದಾ ಎಂದು ಕೇಳಿದೆ. ನಿನ್ನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಲೋಕಲ್ ರೈಲಿನಲ್ಲಿ ಥಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ವಾಶಿಗೆ ಹೋದೆವು. ಅಲ್ಲಿಯ ಹುಡುಗಿ ಸ್ಕ್ರೀನಿನ ವಿಷಯ ಕೇಳಲಿಲ್ಲ. ತಂಪಾದ ನೀರು ಕೊಟ್ಟಳು, ನಿನ್ನ ಫೋನ್ ನಂಬರು ಬರೆದುಕೊಂಡಳು, ಏನಾದರೂ ತೊಂದರೆಯಾದರೆ ಈ ನಂಬರು ಹೇಳಿದರೆ ಸಾಕು, ಮೂರು ವರ್ಷ ವಾರಂಟಿ ಎಂದಳು. ಬರುವಾಗ ಗಾಡಿಯಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ನೀನು ನನ್ನ ಪಕ್ಕ ಕೂತು ಐರೋಲಿ ಎಲ್ಲಿ, ಥಾಣೆ ಎಲ್ಲಿ ಎಂದು ಕನ್ನಡದಲ್ಲಿ ಹೇಳಿದೆ.

ಮನೆಗೆ ಬಂದು ನೋಡಿದರೆ ಕಾರ್ಡ್ ಹಾಕಿದ ಕಂಪ್ಯೂಟರ್ ಹೊತ್ತಿಕೊಳ್ಳಲೇ ಇಲ್ಲ. ಅಷ್ಟು ದೊಡ್ಡದಕ್ಕೆ ಬೇಕಾದ ಕರೆಂಟು ಕೊಡುವ ಶಕ್ತಿ ಕಂಪ್ಯೂಟರಿನೊಳಗಿನ ಹಳೆಯ ಪವರ್ ಸಪ್ಲೈ ಪೆಟ್ಟಿಗೆಗೆ ಇರಲಿಲ್ಲ. ನೀನು ಎರಡು ದಿನ ಒದ್ದಾಡಿ, ಕೊನೆಗೆ ಅಂಕಲ್‌ರನ್ನು ಕರೆಯೋಣ ಎಂದೆ.

ಅದಕ್ಕೂ ತಲೆಯಾಡಿಸಿದೆ, ಆಮೇಲೆ ಯೋಚನೆಗೆ ಬಿದ್ದೆ. ಈ ಊರಿನಲ್ಲಿ ನಮ್ಮ ಭಾಷೆಯವರ ಅಂಗಡಿ ಇರುವಾಗ ಇನ್ನೊಂದು ಕಡೆ ಕೊಂಡರೆ ಅದು ಮುಖಕ್ಕೆ ಹೊಡೆದ ಹಾಗೆ. ಅದೂ ಅವರು ಬೇಡ ಎಂದದ್ದನ್ನೇ ಕೊಂಡು, ಜೋಡಿಸಲು ಅವರನ್ನೇ ಕರೆಯುವುದು. ಅವರು ಚೀಲ ಹಿಡಿದು ಬಂದರು. ಮೇಜಿನ ಮೇಲಿನ ಕಾರ್ಡ್ ನೋಡಿ, ಯಾವ ಸಂಶಯವೂ ಇಲ್ಲದೆ, ಎಲ್ಲಿಂದ ಬಂತು ಎಂದು ಕೇಳಿದರು. ನೀನು ನನ್ನ ಮುಖ ನೋಡಿದೆ.

"ತಮ್ಮ ಕಳಿಸಿದ್ದು. ದುಬಾಯಿಂದ," ಎಂದೆ.

ನಮ್ಮ ಊರಿನ ಮನೆಗಳಲ್ಲಿ ಹೊಸ ವಸ್ತು ಏನು ಕಂಡರೂ ಗಲ್ಫಿನಿಂದ ಬಂತು ಎಂದರೆ ಮುಗಿಯಿತು, ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಬೆಲೆ ಕೇಳುವುದಿಲ್ಲ, ಬೇಕಿತ್ತಾ ಎಂದು ಕೇಳುವುದಿಲ್ಲ. ನನ್ನ ತಮ್ಮ ದುಬಾಯಲ್ಲಿ ಇರುವುದು ನಿಜವೇ. ಖರ್ಜೂರ, ಅತ್ತರು ಕಳಿಸುತ್ತಾನೆ. ಹಾಗಾಗಿ ಆ ಮಾತು ಯೋಚನೆಗೆ ಮೊದಲೇ ಬಾಯಿಗೆ ಬಂತು. ಅವರ ಮುಖ ಎಷ್ಟು ಹಗುರವಾಯಿತು ಎಂದರೆ ನಾನು ನೋಡಲಾರದೆ ಚಹಾ ಮಾಡಲು ಒಳಗೆ ಹೋದೆ.

"ತಮ್ಮ ಅಕ್ಕನ ಮನಿಗೆ ಕೊಟ್ಟದ್ದಂದ್ರ ಮಾತ ಬ್ಯಾರೆ," ಎಂದು ಅವರು ನಿನಗೆ ಹೇಳುವುದು ಕೇಳಿಸಿತು. "ಬಂದದ್ದನ್ನ ಬಿಡಬಾರದು. ಬಾ, ಕುಂದರಸೂಣು."

ಹಣೆಗೆ ಕರವಸ್ತ್ರ ಕಟ್ಟಿ, ಕೂಸಿನ ಗಂಜಿ ಆರಿಸುವವರ ಹಾಗೆ ಊದಿ ಊದಿ, ಅದನ್ನು ಕೂರಿಸಿದರು. ಕರೆಂಟಿನ ದೊಡ್ಡ ಪೆಟ್ಟಿಗೆ ತಮ್ಮ ಅಂಗಡಿಯಿಂದ ತಂದು ಹಾಕಿ, ತಮಗೆ ಬಿದ್ದ ಬೆಲೆಯನ್ನೇ ತೆಗೆದುಕೊಂಡರು. ಹೋಗುವಾಗ ತಮ್ಮನಿಗೆ ನಮಸ್ಕಾರ ಹೇಳಿ ಎಂದರು.

ಮಳೆಗಾಲದಲ್ಲಿ ಸ್ಕ್ರೀನ್ ಕಪ್ಪಾಯಿತು. ಅವರು ಬಂದು ನೋಡಿ, ತೊಂದರೆ ಕಾರ್ಡಿನದೇ ಎಂದರು. ಹೊರದೇಶದ್ದಕ್ಕೆ ಇಲ್ಲಿ ವಾರಂಟಿ ನಡೆಯುವುದಿಲ್ಲ ಎಂದು ಬಹಳ ಬೇಜಾರು ಮಾಡಿಕೊಂಡರು. ಆಮೇಲೆ ತಾವೇ ಸಮಾಧಾನ ಹೇಳಿದರು. ದಾದರಿನಲ್ಲಿ ಒಬ್ಬ ಪರಿಚಯದವನಿದ್ದಾನೆ, ಕಾರ್ಡ್ ಬಿಚ್ಚಿ ಒಳಗಿನ ಚಿಪ್ ರಿಪೇರಿ ಮಾಡುತ್ತಾನೆ, ನಾನೇ ಒಯ್ಯುತ್ತೇನೆ ಎಂದರು. ವಾಶಿಗೆ ಒಂದು ಫೋನು ಮಾಡಿ ನಿನ್ನ ನಂಬರು ಹೇಳಿದ್ದರೆ ಮುಗಿಯುವ ಕೆಲಸ. ಅದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೀನು ಸುಮ್ಮನಿದ್ದದ್ದು ನನ್ನ ಮಾನ ಉಳಿಸಲು. ಅದನ್ನು ನಾನು ನಿನ್ನ ತಪ್ಪು ಎನ್ನುವುದಿಲ್ಲ, ನೀನೂ ಎಂದೂ ಹಾಗೆ ತಿಳಿಯಬೇಡ.

ಕಾರ್ಡನ್ನು ನನ್ನ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟೆ. ಅವರು ಅದನ್ನು ಅಂಗಿಯ ಮೇಲೆ ಎದೆಗೆ ಆನಿಸಿ, ಮೇಲಿನಿಂದ ರೈನ್‌ಕೋಟ್ ಹಾಕಿಕೊಂಡರು. ಕಿಟಕಿಯಿಂದ ನೋಡುತ್ತಿದ್ದೆ. ರಸ್ತೆ ದಾಟುವಾಗ ಹೊಟ್ಟೆಯಲ್ಲಿ ಮಗುವಿರುವ ಹೆಂಗಸಿನ ಹಾಗೆ ಒಂದು ಕೈ ಅಡ್ಡ ಹಿಡಿದು ನಡೆದರು. ಅಕ್ಕ ನನ್ನ ಹಿಂದೆ ಬಂದು ನಿಂತಿದ್ದಳು. "ಅಜ್ಜಿ, ಬತಾ ದೋ ನಾ ಉನ್ಕೋ," ಎಂದಳು. ಹೇಳಿಬಿಡು ಎಂದಳು. ಇನ್ನೂ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದರು. ನಾನು ಜೀವಮಾನದಲ್ಲಿ ಕಿಟಕಿಯಿಂದ ಯಾರನ್ನೂ ಕೂಗಿದವಳಲ್ಲ. ಅವರು ತಿರುವಿನಲ್ಲಿ ಮರೆಯಾದರು.

ಒಂದು ಸಲಕ್ಕೆ ಆಗಲಿಲ್ಲ. ಅಂಗಡಿಯ ಬಾಗಿಲು ಅರ್ಧ ದಿನ ಎಳೆದು, ನೂಕುನುಗ್ಗಲಿನ ಗಾಡಿಯಲ್ಲಿ ನಿಂತುಕೊಂಡು, ಮತ್ತೆ ಮತ್ತೆ ದಾದರಿಗೆ ಹೋದರು. ತರಕಾರಿಗೆ ಹೋಗುವಾಗ ಎಳೆದ ಬಾಗಿಲು ಕಂಡರೆ ನಾನು ಪಕ್ಕದ ಗಲ್ಲಿಯಿಂದ ಸುತ್ತಿ ಬರುತ್ತಿದ್ದೆ. ಒಮ್ಮೆ ಫೋನಿನಲ್ಲಿ ಅವರಿಗೆ ಕೆಮ್ಮು ಬಂದು ಮಾತೇ ಆಡಲಾಗಲಿಲ್ಲ. ನಾನು ಕಷಾಯದ ಪುಡಿ ಕಳಿಸಿದೆ. ಹೇಳಬೇಕಾದ ಮಾತಿನ ಬದಲು ಕಷಾಯದ ಪುಡಿ.

ಕಾರ್ಡ್ ಸರಿಯಾಗಿ ಬಂತು. ದಾದರಿನವನ ಮಜೂರಿ ಬಿಟ್ಟು ತಮಗೆಂದು ಏನೂ ತೆಗೆದುಕೊಳ್ಳಲಿಲ್ಲ. ಬಲವಂತ ಮಾಡಿದಾಗ, "ತಮ್ಮ ಅಷ್ಟು ದೂರದಿಂದ ಕಳಿಸ್ಯಾನ್ರಿ. ಹಾಳಾತು ಅಂತ ಅವಗ ಹ್ಯಾಂಗ ಹೇಳ್ತಿದ್ರಿ ನೀವು?" ಎಂದರು.

ಆ ಮಾತು ತಡೆದುಕೊಳ್ಳಲು ಆಗಲಿಲ್ಲ. ಅವರು ದಾದರಿಗೆ ಹೋಗಿ ಬರುತ್ತಿದ್ದದ್ದು ನನಗಾಗಿಯೂ ಅಲ್ಲ, ನಿನಗಾಗಿಯೂ ಅಲ್ಲ. ಇಲ್ಲದ ಒಂದು ಉಡುಗೊರೆಯ ಮರ್ಯಾದೆ ಉಳಿಸಲು. ಮಾರನೆಯ ದಿನ ಬೆಳಿಗ್ಗೆ ಒಬ್ಬಳೇ ಅಂಗಡಿಗೆ ಹೋದೆ. ಅವರು ಸ್ಟೂಲು ಒರೆಸಿದರು. ನಾನು ಕೂರಲಿಲ್ಲ.

"ಅದು ತಮ್ಮ ಕಳಿಸಿದ್ದಲ್ಲ. ನಾವು ವಾಶಿಯಲ್ಲಿ ತಕ್ಕೊಂಡದ್ದು. ವಾರಂಟಿ ಇತ್ತು. ಹೇಳ್ಲಿಕ್ಕೆ ನಾಚಿಕೆಯಾಯ್ತು."

ಕಾರ್ಡನ್ನು ಹೊರಗಿನವರು ಬಿಚ್ಚಿದ ಮೇಲೆ ವಾರಂಟಿ ಉಳಿಯುವುದಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಅವರಿಗೆ ಆಗಲೇ ಗೊತ್ತಿತ್ತು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಈ ಬರಹ ಬರೆಯುತ್ತಿರಲಿಲ್ಲವೋ ಏನೋ. ಅವರು ಕೈಯಲ್ಲಿದ್ದ ಬ್ರಷ್ಷನ್ನು ಮೇಜಿನ ಮೇಲೆ ಇಟ್ಟರು.

"ನಾ ಬ್ಯಾಡ ಅಂದಿದ್ದಕ್ಕ ಹಿಂಗಾತೇನ್ರಿ ಅವ್ವಾರ?"

ಅಲ್ಲ ಎಂದೆ.

"ಅಷ್ಟು ಬಿರುಸು ಮಾತಾಡಿದ್ನೇನು? ಹುಡುಗ ಆಸಿ ಪಟ್ಟಿದ್ದ. ನಾ ಕೊಟ್ಟಿದ್ರ ನೀವು ಸುಳ್ಳು ಹೇಳೂ ಪ್ರಸಂಗ ಬರತಿರಲಿಲ್ಲ." ಆಮೇಲೆ, ನನಗಲ್ಲ, ಎದುರಿನ ಮೇಜಿನ ಗಾಜಿಗೆ ಹೇಳಿದ ಹಾಗೆ ಹೇಳಿದರು. "ಇನ್ನ ಯಾರಿಗೂ ಬ್ಯಾಡ ಅನ್ನೂದು ಬ್ಯಾಡ. ಏನ ಕೇಳ್ತಾರ, ಅದನ್ನ ಕೊಡೂದು."

ಅದು ಆ ಹೊತ್ತಿನ ಬೇಸರದ ಮಾತು ಎಂದುಕೊಂಡೆ. ಹಾಗಾಗಲಿಲ್ಲ. ಅಂಗಡಿಗೆ ಹೊಸ ಪೆಟ್ಟಿಗೆಗಳು ಬಂದವು, ಬೆಲೆ ಬರೆದ ಚೀಟಿಗಳು ಬಂದವು. ವ್ಯಾಪಾರ ಮೊದಲಿಗಿಂತ ಚೆನ್ನಾಗಿದೆ ಎಂದು ನಮ್ಮ ಸೊಸೈಟಿಯವರು ಹೇಳಿದರು. ರಸ್ತೆಯಿಂದ ಕೂಗುವ ಹುಡುಗರು ಮಾತ್ರ ಇಲ್ಲವಾದರು. ಕೂಗಿದರೆ ಉತ್ತರ ಬರುತ್ತಿರಲಿಲ್ಲ, ಎಷ್ಟು ದಿನ ಕೂಗುತ್ತಾರೆ? ನನ್ನನ್ನು ಕಂಡರೆ ಆಗಲೂ ಸ್ಟೂಲು ಒರೆಸಿ ಕೊಡುತ್ತಿದ್ದರು, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಅದೇ ನನಗೆ ಹೆಚ್ಚು ಕಷ್ಟ.

ಒಂದು ತಿಂಗಳ ಹಿಂದೆ ನನ್ನ ಫೋನಿನ ಚಾರ್ಜರಿಗೆಂದು ಹೋಗಿದ್ದೆ. ಒಬ್ಬ ತಾಯಿ, ಕಾಲೇಜಿಗೆ ಹೋಗುವ ಮಗಳು ನಿಂತಿದ್ದರು, ಮರಾಠಿಯವರು. ಮಗಳು ಈ ವರ್ಷದ ಹೊಸ ಕಾರ್ಡ್ ಕೇಳಿದಳು. ಅವರು ಬೆಲೆ ಹೇಳಿದರು. ತಾಯಿಯ ಕೈ ಪರ್ಸಿನ ಮೇಲೆ ಗಟ್ಟಿಯಾಯಿತು. ಅಷ್ಟು ಬೆಲೆಯದ್ದು ಬೇಕೇ ಬೇಕಾ ಎಂದು ಆಕೆ ಮಗಳನ್ನು ಕೇಳಲಿಲ್ಲ, ಅವರನ್ನು ಕೇಳಿದಳು. ಅವರು, ನಿಮಗೆ ಬೇಕೆನಿಸಿದರೆ ಒಯ್ಯಿರಿ ಎಂದು ಪೆಟ್ಟಿಗೆಗೆ ಕೈ ಹಾಕಿದರು.

ನಾನು ಈ ಊರಿಗೆ ಮದುವೆಯಾಗಿ ಬಂದವಳು. ಇಷ್ಟು ವರ್ಷ ತರಕಾರಿಯವಳ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಮರಾಠಿ ಆಡಿದವಳಲ್ಲ, ನಗುತ್ತಾರೆ ಎಂದು. ಆದರೆ ಆ ಪೆಟ್ಟಿಗೆ ಗಾಜಿನ ಮೇಲೆ ಬಂದು ಕೂತ ಹಾಗೆ ನನ್ನ ಬಾಯಿ ತಾನಾಗಿ ತೆರೆಯಿತು.

"ಘರೀ ಸ್ಕ್ರೀನ್ ಕುಠಲಾ ಆಹೇ?"

ಮನೆಯಲ್ಲಿ ಸ್ಕ್ರೀನ್ ಯಾವುದು. ಮಗಳು ನನ್ನನ್ನು ಯಾವುದೋ ಹುಚ್ಚು ಮುದುಕಿಯನ್ನು ನೋಡುವ ಹಾಗೆ ನೋಡಿದಳು. ತಾಯಿ ಮಾತ್ರ ಕೂಡಲೇ ಉತ್ತರ ಕೊಟ್ಟಳು. ಹಳೆಯದು, ಸಾದಾ, ಅಣ್ಣನ ಮನೆಯಿಂದ ತಂದದ್ದು ಎಂದಳು. ನನಗೆ ಬಂದದ್ದು ಅದೊಂದೇ ಪ್ರಶ್ನೆ. ಮುಂದೆ ಏನು ಕೇಳಬೇಕೋ ತಿಳಿಯದೆ ಅವರ ಮುಖ ನೋಡಿದೆ.

ಅವರು ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. "ಕೇಳಿದ್ರಲ್ರಿ ಅವ್ವಾರ, ಮುಂದಿಂದೂ ನೀವ ಕೇಳ್ರಿ," ಎಂದರು.

"ನನಗೆ ಗೊತ್ತಿಲ್ಲ ಮಾರಾಯ್ರೆ. ನೀವೇ ಕೇಳಿ."

ಅವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಪೆಟ್ಟಿಗೆಯನ್ನು ಬದಿಗೆ ಸರಿಸಿ, ಆ ಹುಡುಗಿಯ ಕಡೆ ಬಾಗಿ, ಯಾವ ಆಟ ಆಡುತ್ತೀಯಮ್ಮಾ ಎಂದು ಮರಾಠಿಯಲ್ಲಿ ಕೇಳಿದರು. ಅವಳು ಹೇಳಿದಳು. ಅವರು ಇನ್ನೊಂದು ಕೇಳಿದರು. ನಾನು ಚಾರ್ಜರ್ ತೆಗೆದುಕೊಳ್ಳುವುದನ್ನು ಮರೆತು ಮನೆಗೆ ಬಂದೆ.

ನಾನು ಇಲ್ಲದಾಗ ಅವರು ಕೇಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಿಸುವ ಧೈರ್ಯವೂ ಇಲ್ಲ. ಅದಕ್ಕೆ ಸಂಜೆ ಮಂಡಿ ನೋವು ಕಡಿಮೆ ಇದ್ದ ದಿನ ಮೆಟ್ಟಿಲಿಳಿದು ಅಲ್ಲಿಗೆ ಹೋಗಿ ಆ ಸ್ಟೂಲಿನ ಮೇಲೆ ಕೂರುತ್ತೇನೆ. ಅಜ್ಜಿ ಸಂಜೆ ಎಲ್ಲಿಗೆ ಹೋಗುತ್ತಾಳೆ ಎಂದು ನೀವು ಕೇಳುತ್ತಿದ್ದಿರಲ್ಲ, ಅಲ್ಲಿಗೆ. ಗಿರಾಕಿ ಬಂದು ಕಾರ್ಡ್ ಕೇಳಿದಾಗ ಅವರು ಮೊದಲು ನನ್ನ ಕಡೆ ಒಮ್ಮೆ ನೋಡುತ್ತಾರೆ. ನಾನು ಸೆರಗು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ, ಕೆಲವು ದಿನ, ಅವರೇ ಕೇಳಿಬಿಡುತ್ತಾರೆ.